ಗಾಜಿನ ಕ್ಯಾಬಿನ್ನು

ವರ್ಕ್‌ಶಾಪಿನ ಹಿಂದಿನ ಕೋಣೆ,
ತಾರೀಖು ಹದಿನೆಂಟು, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ಆಪರೇಷನ್ ಆದ ನಿನ್ನ ತಂಗಿ ಈಗ ಗೋಡೆ ಹಿಡಿಯದೆ ನಡೆಯುತ್ತಾಳಾ? ಅವಳ ಆರೈಕೆಯಲ್ಲಿ ನಿನ್ನ ಮಂಡಿನೋವು ಮರೆಯಬೇಡ, ಎಣ್ಣೆ ಹಚ್ಚಿಕೋ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಊಟವೂ ನಡೆದಿದೆ, ಏನು ಊಟ ಅಂತ ಮಾತ್ರ ಕೇಳಬೇಡ. ಇನ್ನೊಂದು ತಿಂಗಳು ಇರಲಾ ಅಂತ ಬರೆದಿದ್ದೀಯ. ಇರು, ಧಾರಾಳವಾಗಿ ಇರು. ಇಲ್ಲೇನು ಮುಳುಗಿಹೋಗಿಲ್ಲ.

ಮುಳುಗುವುದರಲ್ಲಿತ್ತು, ಅದು ಬೇರೆ ಮಾತು. ನೀನು ಹೋದ ಮೇಲೆ ನಮ್ಮ ಕತ್ತರಿಯಮ್ಮ ಕೆಲಸ ಬಿಡುತ್ತೇನೆಂದಳು. ಎದುರು ರಸ್ತೆಯ ಷೋರೂಮಿನವನು ಹೆಚ್ಚು ಸಂಬಳಕ್ಕೆ ಕರೆದಿದ್ದನಂತೆ. ಸೋಫಾ ಬಟ್ಟೆ ಹೊಲಿಯುವವರು ಇನ್ನೂ ಸಿಗುತ್ತಾರೆ. ಪಟ್ಟೆ ಬಟ್ಟೆಯನ್ನು ಬೆನ್ನಿನಿಂದ ಸೀಟಿನವರೆಗೆ ಗೆರೆ ತಪ್ಪದೆ ಕತ್ತರಿಸುವ ಕೈ ಅದೊಂದೇ. ಅವಳು ಹೋದರೆ ಹೊಲಿಯುವ ಇಬ್ಬರೂ ಹಿಂದೆಯೇ ಹೋಗುತ್ತಾರೆ. ಆಮೇಲೆ ನಾನೂ ಮೊಳೆ ಡಬ್ಬಿಯೂ ಮುಖ ಮುಖ ನೋಡಿಕೊಂಡು ಕೂರಬೇಕು.

ಅದಕ್ಕೇ ಬುದ್ಧಿವಂತಿಕೆ ಮಾಡಿದೆ. ಅವನು ಹೇಳಿದಷ್ಟೇ ಸಂಬಳ ಕೊಟ್ಟೆ. ಮರ್ಯಾದೆಯೂ ಇರಲಿ ಅಂತ ಮ್ಯಾನೇಜರ್ ಮಾಡಿದೆ. ಮೂಲೆಯಲ್ಲಿ ಗಾಜಿನ ಕ್ಯಾಬಿನ್ನು ಕಟ್ಟಿಸಿ, ತಿರುಗುವ ಕುರ್ಚಿ ಹಾಕಿಸಿ, ಬಾಗಿಲಿಗೆ ಬೋರ್ಡು ತಗುಲಿಸಿ, "ಇನ್ಮೇಲೆ ನೀನು ಕತ್ತರಿ ಮುಟ್ಟಬೇಡಮ್ಮಾ, ಆರಾಮಾಗಿ ಕೂತ್ಕೊಂಡು ಬೇರೆಯವರ ಕೈಲಿ ಮಾಡ್ಸು" ಅಂದೆ. ನಗಬೇಡ. ನೀನು ನಗುತ್ತಿರುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಫೋಟೋಗೆ ಕೂತವಳ ಹಾಗೆ ನೆಟ್ಟಗೆ ಕೂತಿರುತ್ತಿದ್ದಳು, ಪಾಪ. ನಿನ್ನೆ ಮೊನ್ನೆಯವರೆಗೆ ಅವಳನ್ನು ರೇಗಿಸುತ್ತಿದ್ದ ಹೊಲಿಗೆಯವರು ಅವಳು ಹೊರಬಂದರೆ ಮಾತು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದರು. ಅವಳ ಬದಲಿಗೆ ಕತ್ತರಿ ಹಿಡಿದ ಹೊಸಬನು ಕತ್ತರಿಸಿದ ಪಟ್ಟೆಗಳೋ, ಒಂದು ಉತ್ತರಕ್ಕೆ ಒಂದು ದಕ್ಷಿಣಕ್ಕೆ. ಕೊನೆಗೊಂದು ದಿನ ಬಂದು ಕ್ಯಾಬಿನ್ನಿನ ಬೀಗದ ಕೈ ನನ್ನ ಮೇಜಿನ ಮೇಲಿಟ್ಟಳು. "ಅಣ್ಣಾ, ಹೋಗ್ತೀನಿ. ದುಡ್ಡಿಗಲ್ಲ. ಅಲ್ಲಿ ನಾಲ್ಕು ಜನರ ಮಧ್ಯೆ ಕೂರಿಸ್ತಾರೆ. ಇಲ್ಲಿ ಆ ಗಾಜಿನ ಜೊತೆ ಏನಂತ ಮಾತಾಡ್ಲಿ?"

ನಾನೋ, ಹಿಂದಿನ ದಿನವಷ್ಟೇ ಮನೆಯಲ್ಲಿ ಕುಕ್ಕರಿನ ಜೊತೆ ಜಗಳವಾಡಿದ್ದೆ, ಕೂಗಲಿಲ್ಲ ಅಂತ. ಚಹಾಕ್ಕೆ ಈಗಲೂ ಕೈ ಎರಡು ಲೋಟಕ್ಕೇ ಹೋಗುತ್ತದೆ. ಮನೆ ಭಣಭಣ ಅನ್ನುತ್ತದೆ ಕಣೇ.

ಅವತ್ತೇ ಬಡಗಿಯನ್ನು ಕರೆಸಿ ಗಾಜು ಬಿಚ್ಚಿಸಿದೆ. ಅವಳ ಮೇಜು ಮತ್ತೆ ಕಿಟಕಿಯ ಪಕ್ಕಕ್ಕೆ ಬಂತು, ಕತ್ತರಿ ಅವಳ ಕೈಗೆ. ನೀನು ಚಹಾದ ಹೊತ್ತಿಗೆ ಒಬ್ಬೊಬ್ಬರ ಬಳಿ ನಿಂತು "ಯಾಕೋ ಮುಖ ಸಪ್ಪಗಿದೆ?" ಅಂತ ಕೇಳುತ್ತಿದ್ದೆಯಲ್ಲ, ಆ ಕೆಲಸವನ್ನೂ ನಾನೇ ಹಿಡಿದಿದ್ದೇನೆ. ಮೊದಲ ದಿನ "ಎಲ್ಲಾ ಚೆನ್ನಾಗಿದ್ದೀರಾ?" ಅಂದದ್ದಕ್ಕೆ ಗಾಬರಿಯಾಗಿ ಹೊಲಿಗೆಯವರಿಬ್ಬರೂ ಒಟ್ಟಿಗೇ ಮೆಷಿನ್ ಶುರು ಮಾಡಿದರು. ಈಗ ಪರವಾಗಿಲ್ಲ, ನಿನ್ನೆ ಹೊಲಿಗೆಯವರಲ್ಲಿ ಹಿರಿಯರು ತಾವಾಗಿಯೇ ಮೊಮ್ಮಗಳ ಜ್ವರದ ಸುದ್ದಿ ಹೇಳಿದರು. ಕತ್ತರಿಯಮ್ಮ ಸದ್ಯಕ್ಕೆ ಹೋಗುವುದಿಲ್ಲ ಅಂದಿದ್ದಾಳೆ. ನೀನು ಚಿಂತೆ ಮಾಡಬೇಡ.

ನಿನ್ನ ತಂಗಿಗೆ ನನ್ನ ಆಶೀರ್ವಾದ ಹೇಳು, ಬೇಗ ಗಟ್ಟಿಯಾಗಲಿ. ಅವಳ ಯಜಮಾನರಿಗೆ ನಮಸ್ಕಾರ.

ಇಂತಿ,
ನೀನು "ರೀ" ಅಂತ ಕೂಗಿದರೆ ತಿರುಗುವವನು

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಕತ್ತರಿಯಮ್ಮ ಅಂದದ್ದನ್ನು ಪೂರ್ತಿ ಬರೆದಿರಲಿಲ್ಲ. "ಎಲ್ಲರೂ ಹೋದ್ಮೇಲೂ ನೀವು ಇಲ್ಲೇ ಕೂತಿರ್ತೀರಿ, ನೋಡಿದೀನಿ. ಅಕ್ಕ ಬರೋವರೆಗೆ ನಿಮ್ಮನ್ನ ಒಬ್ರನ್ನೇ ಬಿಟ್ಟು ಹೋಗಲ್ಲ. ಅವರು ಬಂದ್ಮೇಲೆ ನನ್ನ ದಾರಿ ನೋಡ್ಕೋತೀನಿ" ಅಂದಳು. ಅಂದರೆ ನೀನು ಬರದಷ್ಟು ದಿನವೂ ವ್ಯಾಪಾರಕ್ಕೆ ಲಾಭ. ಆ ಲಾಭಕ್ಕೆ ಬೆಂಕಿ ಬೀಳಲಿ. ಮೇಲೆ "ಇರು" ಅಂತ ಬರೆದದ್ದನ್ನು ಹೊಡೆದುಹಾಕು. ಬಂದುಬಿಡು.