ಪುಡಿ ನೆನೆಯುವವರೆಗೆ

ಅಣ್ಣಾ,

ಹೋಟೆಲಿನ ಹಳೆಯ ಕಾಫಿ ಯಂತ್ರ ಸೋರುತ್ತಿದೆ; ಬರುವಾಗ ರಬ್ಬರ್ ವಾಷರ್ ತಾ. ಸಿಗಲಿಲ್ಲವೆಂದು ಅಂಗಡಿ ಅಂಗಡಿ ಸುತ್ತುತ್ತಾ ಕೂರಬೇಡ, ಬೇಗ ಬಾ.

ಅಪ್ಪನಿಗೆ ಇನ್ನು ಔಷಧ ನಾಟುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯ ಮಂಚದ ಸರಳನ್ನೇ ಯಂತ್ರದ ಹಿಡಿಕೆ ಅಂದುಕೊಂಡು ಕೆಳಗೆ ಜಗ್ಗಿ ಹಿಡಿದಿದ್ದಾನೆ. ನರ್ಸ್ ಬಿಡಿಸಲು ಹೋದರೆ, "ತಾಳಮ್ಮ, ಪುಡಿ ಇನ್ನೂ ನೆನೆದಿಲ್ಲ" ಅನ್ನುತ್ತಾನೆ.

ಹಿಡಿಕೆ ಎಳೆದರೆ ಬಿಸಿನೀರು ಇಳಿದು ಪುಡಿ ನೆನೆಯುತ್ತದೆ. ಬಿಟ್ಟರೆ ಸ್ಪ್ರಿಂಗು ಕಾಫಿ ಹಿಂಡುತ್ತದೆ, ಹಿಡಿಕೆ ತಾನಾಗಿ ಮೇಲೇರುತ್ತದೆ. ನಮಗೆ ಕಲಿಸಿದವನು ಅವನೇ. "ನೆನೀತು, ಇನ್ನು ಕೈ ಬಿಡು" ಅನ್ನುತ್ತಿದ್ದ, ನೆನಪಿದೆಯಾ?

ಆ ಮಾತನ್ನು ಈಗ ಯಾರಾದರೂ ಅವನಿಗೆ ಹೇಳಬೇಕು. ನೀನು ಬಂದು ಹೇಳು. "ನೆನೀತಪ್ಪ" ಅನ್ನುವವರೆಗೆ ಹೇಗೋ ಹೇಳುತ್ತೇನೆ. ಅದರ ಮುಂದಿನದು ನನ್ನ ಬಾಯಲ್ಲಿ ಬರುತ್ತಿಲ್ಲ.

ನಿನ್ನ ತಂಗಿ