ಜಾಗ ಬಿಡಬೇಡ

ಕ್ಸರ್, ನುವಾಕ್‌ಶೋಟ್
ಜೂನ್ 9, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಸೊಂಟ ಹೇಗಿದೆ? ಗಂಟಲು ಸರಿಹೋಯಿತೇ? ಡೇರೆಯಲ್ಲಿ ಗಾಳಿ ಬರುವ ಕಡೆಗೆ ಬೆನ್ನು ಹಾಕಿ ಮಲಗಬೇಡಿ ಎಂದು ಎಷ್ಟು ಸಲ ಹೇಳಿದ್ದೇನೆ, ಈಗ ಹೇಳಲು ಪಕ್ಕದಲ್ಲಿ ಯಾರೂ ಇಲ್ಲ, ಆ ಒಂಟೆ ಕಾಯುವವನಂತೂ ಹೇಳುವುದಿಲ್ಲ. ಬಿಳಿ ಒಂಟೆ ಮರಿ ಹಾಕಿತೇ? ಹಾಲು ಕುಡಿಯುತ್ತಿದ್ದೀರಾ, ಇಲ್ಲ ಮೂರು ಲೋಟ ಚಹಾದಲ್ಲೇ ದಿನ ತಳ್ಳುತ್ತಿದ್ದೀರಾ? ಇದಕ್ಕೆಲ್ಲ ನೀವು "ಅಲ್‌ಹಮ್ದುಲಿಲ್ಲಾ" ಎಂದು ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸುತ್ತೀರಿ, ನನಗೆ ಗೊತ್ತು. ಈ ಸಲ ಅದು ನಡೆಯುವುದಿಲ್ಲ. ಆ ಮಾತಿನ ಮೇಲೆ ನನಗೀಗ ಸಿಟ್ಟು ಬಂದಿದೆ. ಯಾಕೆಂದು ಮುಂದೆ ಬರೆಯುತ್ತೇನೆ.

ನಾನು ಚೆನ್ನಾಗಿದ್ದೇನೆ. ತುಂಬಾ ಚೆನ್ನಾಗಿದ್ದೇನೆ. ಮದುವೆಯಾಗಿ ಚಳಿಗಾಲ ಹೋಗಿ ಸೆಕೆ ಬಂದರೂ ಕೈಯ ಮದರಂಗಿ ಮಾಸಿದ್ದಕ್ಕೆ ಮೊನ್ನೆ ಅಳು ಬಂತು, ಅಷ್ಟು ಹುಚ್ಚು. ಮೀನಿನ ಅನ್ನ ಮಾಡಲು ಹೋಗಿ ಮೂರು ಸಲ ತಳ ಹಿಡಿಸಿದೆ. ಅವರು ಮೂರು ಸಲವೂ ತಳವನ್ನೇ ಮೊದಲು ಕೆರೆದು ತಿಂದು, "ಇದೇ ರುಚಿ, ಇದನ್ನ ಬಿಟ್ಟು ಬೇರೆ ಏನೂ ಮಾಡ್ಬೇಡ" ಅಂದರು. (ಇಲ್ಲಿಂದ ಎರಡು ಸಾಲು ನೀವು ಓದಬಾರದು ಅಪ್ಪಾ, ಕೆಳಗೆ ಹಾರಿ. ಅವರು ನಗುವಾಗ ಎಡಗಡೆ ಕೆನ್ನೆಯಲ್ಲಿ ಒಂದು ಗುಳಿ ಬೀಳುತ್ತದೆ. ಅದನ್ನು ನೋಡಲಿಕ್ಕೆಂದೇ ನಾನು ಅವರ ಎಡಗಡೆ ಕೂರುತ್ತಿದ್ದೆ.) ಗಂಡನ ಬಗ್ಗೆ ತಂದೆಗೆ ಯಾವ ಮಗಳೂ ಹೀಗೆ ಬರೆಯುವುದಿಲ್ಲ, ಗೊತ್ತು. ದೈಜಾ ಅತ್ತೆ ನನ್ನ ಹೆಗಲ ಮೇಲಿಂದ ಇಣುಕಿ, "ನಿನ್ನಪ್ಪ ದೋಹಾದಲ್ಲಿ ಕೆಲ್ಸ ಸಿಕ್ತು ಅಂತ ನಿನ್ನನ್ನ ಇಂಗ್ಲಿಷ್ ಶಾಲೆಗೆ ಹಾಕ್ದ. ಅಲ್ಲಿ ಎಲ್ಲ ಕಲಿಸಿದ್ರು, ನಾಚಿಕೆ ಒಂದು ಬಿಟ್ಟು" ಎಂದು ಹೋದಳು. ನಿಮ್ಮ ಅಕ್ಕ ಹೇಳುವುದು ನಿಜ. ಹಾಗಾಗಿಯೇ ಈ ಮನೆಯಲ್ಲಿ ಈ ಕಾಗದ ಬರೆಯಬಲ್ಲವಳು ನಾನೊಬ್ಬಳೇ.

ಅಪ್ಪಾ, ನೀವು ಕೋಚ್ ಆಗಿ ನಿಂತ ಆ ಹಳೆಯ ಮೈದಾನ ನೆನಪಿದೆಯೇ? ಮರಳಿಗೂ ಮೈದಾನಕ್ಕೂ ಗೆರೆ ಎಲ್ಲಿ ಎಂದು ತಿಳಿಯದ ಜಾಗ. ಆಗ ನಮ್ಮ ದೇಶದ ತಂಡದವರು ಯಾರ ಮೇಲೆ ಆಡಿದರೂ ಏಳೋ ಎಂಟೋ ಗೋಲು ತಿಂದು ಬರುತ್ತಿದ್ದರು, ರೇಡಿಯೊದವರು ಸ್ಕೋರ್ ಹೇಳದೆ ನೇರವಾಗಿ ಹವಾಮಾನಕ್ಕೆ ಹೋಗುತ್ತಿದ್ದರು. ಎಲ್ಲರೂ ಕಾಲು ಗಟ್ಟಿಯಾಗಬೇಕು, ಎತ್ತರದ ಹುಡುಗರು ಬೇಕು, ಹುಲ್ಲು ಬೇಕು ಎನ್ನುವಾಗ ನೀವೊಬ್ಬರೇ, "ಅವರಿಗೆ ಕಾಲಿದೆ. ನಮಗೆ ಬಾಯಿದೆ. ಬಾಯಿದ್ದವನು ಬರದಲ್ಲೂ ಬದುಕ್ತಾನೆ" ಎಂದಿರಿ. ಹುಡುಗರ ತೊಂದರೆ ಕಾಲಿನದಲ್ಲ, ಮರ್ಯಾದೆಯದು ಎಂದು ಕಂಡುಹಿಡಿದವರು ನೀವು. ಕಿರಿಯವನು ಹಿರಿಯವನ ಹೆಸರು ಹಿಡಿದು ಕೂಗುವುದಿಲ್ಲ, ದೊಡ್ಡ ಮನೆತನದವನ ತಪ್ಪನ್ನು ಸಣ್ಣ ಮನೆತನದವನು ಎತ್ತಿ ಹೇಳುವುದಿಲ್ಲ, ಅಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತದೆ. ಅವರವರ ತಲೆಯ ರುಮಾಲನ್ನು ಅವರವರ ಕಣ್ಣಿಗೇ ಕಟ್ಟಿ, ದನಿಯೊಂದರ ಮೇಲೆ ಚೆಂಡು ದಾಟಿಸಿ ಎಂದಿರಿ. ಹೆಸರಿಲ್ಲದ ಕೂಗು ಗಾಳಿಗೆ ಹೋಗುತ್ತದೆ, ಮೊದಲು ಹೆಸರು, ಆಮೇಲೆ ಮಾತು. "ಯೆರೊ, ಬಲಕ್ಕೆ." "ಯೆರೊ, ಬೆನ್ನ ಹಿಂದೆ." ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಆ ಕೂಗು, "ಜಾಗ ಬಿಡಬೇಡ." ಅದನ್ನು ಕೇಳಿದರೆ ಹುಡುಗರು ಮೂಳೆ ಮುರಿದರೂ ನಿಂತಲ್ಲೇ ನಿಲ್ಲುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕೇಳಿದರೂ ಸೌಟು ಹಿಡಿದು ನಿಂತುಬಿಡುತ್ತಿದ್ದೆ.

ಎಂಟು ಗೋಲು ಎರಡಾಯಿತು, ಎರಡು ಸಮವಾಯಿತು, ಆಮೇಲೆ ನದಿಯಾಚೆಯ ದೇಶದವರನ್ನು ಅವರ ಊರಿನಲ್ಲೇ ಸೋಲಿಸಿ ಬಂದಿರಿ. ಅವರ ಪತ್ರಿಕೆಯವರು ನಮ್ಮನ್ನು "ಜಗಳಗಂಟರ ತಂಡ" ಎಂದು ಬರೆದಾಗ ನೀವು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಿರಿ. ಎಲ್ಲರಿಗಿಂತ ದೊಡ್ಡ ಬಾಯಿ ಅವರದು. ನಮ್ಮ ಮನೆಯವರದು. ಹಿಂದಿನ ಸಾಲಿನ ನಡುವೆ ನಿಂತು ಕೂಗಿದರೆ ಮೀನು ಮಾರುಕಟ್ಟೆಗೆ ಕೇಳಿಸುತ್ತದೆ ಎನ್ನುತ್ತಿದ್ದರು. ನಾನು ಅವರ ಮುಖಕ್ಕಿಂತ ಮೊದಲು ಮೆಚ್ಚಿದ್ದು ಆ ದನಿಯನ್ನು, ನಿಮಗೆ ಊಟ ತರುವ ನೆಪದಲ್ಲಿ ಮೈದಾನದ ಗೋಡೆಯ ಆಚೆ ನಿಂತು.

ಆಮೇಲೆ ಮದುವೆಯಾಯಿತು, ಅವರು ನಿಮ್ಮ ಅಳಿಯರಾದರು. ಮಾವನೆದುರು ಅಳಿಯ ಕೂರಬಾರದು, ತಿನ್ನಬಾರದು, ಮುಖ ತೆರೆದು ನಿಲ್ಲಬಾರದು, ಮಾತಂತೂ ಆಡಲೇಬಾರದು. ಮಾವ ಅಳಿಯನ ಹೆಸರು ಎತ್ತಬಾರದು. ನೀವಿಬ್ಬರೂ ಒಳ್ಳೆಯ ಮನೆಯವರು, ಸಂಕೋಚವನ್ನು ಹಾಲಿನ ಜೊತೆ ಕುಡಿದವರು. ಬಿಳಿ ಗೆರೆಯ ಒಳಗೆ ಮಾವನೂ ಇಲ್ಲ ಅಳಿಯನೂ ಇಲ್ಲ ಎಂದು ನೀವು ಮದುವೆಗೆ ಮುಂಚೆ ಹೇಳಿದ್ದೇನೋ ನಿಜ. ಆದರೆ ಮದುವೆಯ ಮರುವಾರ ಅಭ್ಯಾಸಕ್ಕೆ ನೀವು ಪೂರ್ವದ ಗೇಟಿನಿಂದ ಬಂದಿರಿ, ಅವರು ರುಮಾಲು ಮುಖಕ್ಕೆಳೆದುಕೊಂಡು ಪಶ್ಚಿಮದ ಗೇಟಿನಿಂದ ಹೊರಟೇಬಿಟ್ಟರು. ಗೋಲ್‌ಕೀಪರ್ ಯೆರೊ, "ಲೇ, ನಿಮ್ಮ ಮಾವ ಬಂದ್ರು, ಬಲೆ ಹಿಂದೆ ಅವಿತ್ಕೋ. ನಾನು ಹೇಗೂ ಅಲ್ಲಿ ಏನನ್ನೂ ತಡೆಯಲ್ಲ" ಎಂದು ಕಿರುಚಿದನಂತೆ. ಯೆರೊ ನದಿ ಕಡೆಯ ಹುಡುಗ, ಅವನಿಗೆ ಈ ಬಿಳಿ ರುಮಾಲಿನವರ ಸಂಕೋಚ ಎಂದರೆ ಪುಕ್ಕಟೆ ನಾಟಕ. ಕೊನೆಗೆ ನೀವು ಅವನನ್ನೇ ನಡುವೆ ನಿಲ್ಲಿಸಿಕೊಂಡಿರಿ. "ಯೆರೊ, ಐದನೇ ನಂಬರಿಗೆ ಹೇಳು, ಒಂದು ಹೆಜ್ಜೆ ಹಿಂದೆ." ಐದನೇ ನಂಬರು ಕೈಗೆಟುಕುವಷ್ಟು ದೂರದಲ್ಲಿ ಬೆನ್ನು ತಿರುಗಿಸಿ ನಿಂತು, "ಯೆರೊ, ಆಗಲಿ ಅಂತ ಹೇಳು." ಯೆರೊ ಎರಡೂ ಕಡೆ ತಲೆ ಬಾಗಿಸಿ, "ನಾನು ಗೋಲ್‌ಕೀಪರೋ, ಮದುವೆ ದಲ್ಲಾಳಿಯೋ?" ಮನೆಗೆ ಬಂದು ಅವರು ಇದನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದರು. ನಾನು ನಕ್ಕು ನಕ್ಕು ಚಾಪೆಯ ಮೇಲೆ ಉರುಳುತ್ತಿದ್ದೆ. ನನಗಾಗಿ ಇಬ್ಬರು ದೊಡ್ಡ ಗಂಡಸರು ಇಷ್ಟು ಪೇಚಾಡುತ್ತಿದ್ದಾರೆ ಎಂದು ಒಳಗೊಳಗೇ ಜಂಬ ಬೇರೆ.

ನೀವು ನಿಲ್ಲುವ ಬದಿಯಲ್ಲಿ ಅವರು ಕೂಗುವುದನ್ನೇ ಬಿಟ್ಟಿದ್ದರು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಮಾವನ ಕಿವಿಗೆ ಬೀಳುವಂತೆ ಅಳಿಯ ಬಾಯಿ ಮಾಡುವುದುಂಟೇ? ಮೈದಾನದ ಒಂದು ಅರ್ಧ ಸಂತೆಯಂತೆ, ಇನ್ನೊಂದು ಅರ್ಧ ಮಸೀದಿಯಂತೆ. ಉತ್ತರದ ದೇಶದವರಿಗೆ ಅದು ಹೊಳೆದಿತ್ತು. ನೀವು ಕೋಚ್ ಆಗಿ ನಿಂತ ಆ ಕೊನೆಯ ಪಂದ್ಯದಲ್ಲಿ ಅವರು ಬಂದದ್ದೆಲ್ಲ ಆ ಬದಿಯಿಂದಲೇ.

ಇನ್ನು ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ವಿರಾಮದ ಹೊತ್ತಿಗೆ ನಾವು ಒಂದು ಗೋಲು ಮುಂದಿದ್ದೆವು, ನಾನು ಹೆಂಗಸರ ಕಡೆ ಕೂತು ಮೈಗೆ ಸುತ್ತಿದ ಮೆಲಹಫದ ಅಂಚು ಕಚ್ಚಿ ಕಚ್ಚಿ ಹರಿದುಕೊಂಡಿದ್ದೆ. ಅಷ್ಟು ಹೊತ್ತಿಗಾಗಲೇ ಅವರ ಮೊಣಕಾಲು ಹೋಗಿತ್ತು. ಒಳಗೆ ಏನೋ ಪಟ್ಟೆಂದು ಕಿತ್ತಂತಾಯಿತಂತೆ. ಆಟಗಾರರ ಕೋಣೆಯಲ್ಲಿ ಟವೆಲ್ಲು ಮುಖದ ಮೇಲೆ ಎಳೆದುಕೊಂಡು ಮೂಲೆಯಲ್ಲಿ ಕೂತಿದ್ದರು. ನೀವು ಅದನ್ನು ಸಂಕೋಚ ಎಂದುಕೊಂಡಿರಿ. ಅದರೊಳಗೆ ಅವರು ನೋವಿಗೆ ಹಲ್ಲು ಕಚ್ಚಿದ್ದರು. ನಿಮಗೂ ಏನೋ ಅನ್ನಿಸಿತ್ತು ಎಂದು ಯೆರೊ ಹೇಳುತ್ತಾನೆ. "ಅವನನ್ನ ಕೇಳು, ಓಡೋಕಾಗುತ್ತಾ" ಎಂದಿರಂತೆ. ಮಾವನಿಗೆ ತನ್ನ ಮೈನೋವು ಹೇಳಿಕೊಳ್ಳುವ ಅಳಿಯ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಅವರು "ಅಲ್‌ಹಮ್ದುಲಿಲ್ಲಾ" ಎಂದರು. ಯೆರೊ ನಿಮ್ಮ ಕಡೆ ತಿರುಗಿ "ಅಲ್‌ಹಮ್ದುಲಿಲ್ಲಾ ಅಂತೆ" ಎಂದ. ಬಾಯಿಯನ್ನೇ ನಂಬಿ ಕಟ್ಟಿದ ತಂಡದಲ್ಲಿ ಹೀಗಾಯಿತು ಅಪ್ಪಾ.

ಉಳಿದದ್ದು ದೇಶಕ್ಕೆಲ್ಲ ಗೊತ್ತು. ಕೊನೆಯ ಹೊತ್ತಿನಲ್ಲಿ ಅವರ ಬೆನ್ನ ಹಿಂದಿನಿಂದ ಉತ್ತರದವನು ನುಗ್ಗಿದ. ಇಡೀ ಮೈದಾನದಲ್ಲಿ ಅದು ಕಂಡದ್ದು ಗೆರೆಯ ಪಕ್ಕದಲ್ಲೇ ನಿಂತಿದ್ದ ನಿಮಗೆ ಮಾತ್ರ. ನಾನು ಆಟ ನೋಡುತ್ತಿರಲಿಲ್ಲ, ನಿಮ್ಮನ್ನು ನೋಡುತ್ತಿದ್ದೆ. ನಿಮ್ಮ ಬಾಯಿ ತೆರೆಯಿತು. ಮುಚ್ಚಿತು. ಆಮೇಲೆ "ಯೆರೊ" ಎಂದಿರಿ. ಅವರು ತಿರುಗಿದರು, ಕಾಲು ತಿರುಗಲಿಲ್ಲ. ಅವರು ಬಿದ್ದಲ್ಲಿಂದ ಏಳುವ ಮೊದಲೇ ಒಂದು ಗೋಲು, ಅವರನ್ನು ಹೊತ್ತು ಒಯ್ದ ಮೇಲೆ ಇನ್ನೊಂದು. ನನ್ನ ಹಿಂದೆ ಕೂತಿದ್ದ ಹೆಂಗಸು, "ಅಳಿಯನ್ನ ಮೆರೆಸೋಕೆ ಹೋಗಿ ದೇಶ ಮುಳುಗಿಸ್ದ ಮುದುಕ" ಎಂದಳು. ನಾನು ತಿರುಗಿ ನೋಡಲಿಲ್ಲ, ನಿಮ್ಮ ಮಗಳೆಂದು ಗೊತ್ತಾದರೆ ಅವಳಿಗೆ ಮುಜುಗರವಾದೀತೆಂದು. ನೋಡಿ, ನನ್ನಲ್ಲೂ ಸ್ವಲ್ಪ ಸಂಕೋಚ ಇದೆ.

ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ಮೊದಲು, ಮುಂದಿನ ಚಳಿಗಾಲಕ್ಕೆ ಮತ್ತೆ ಓಡಬಹುದು ಎಂದಿದ್ದರು. ಅದೇ ಸಂಜೆ ನೀವು ಆಸ್ಪತ್ರೆಗೆ ಬಂದಿರಿ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ನೀವು ಅರ್ಧ ಮಾತ್ರ ತಿಳಿದು ಅಲ್ಲಿ ಮರಳಿನಲ್ಲಿ ಕೂತಿರಬಾರದು. ನೀವು ಹಾಲಿನ ಬಟ್ಟಲು ಹಿಡಿದು ಬಂದು, ಹಿರಿಯರು ಎಲ್ಲ ಕಡೆ ಮಾಡುವಂತೆ ಬಾಗಿಲಿನ ಹೊರಗೆ ನಿಂತು ಕೆಮ್ಮಿದಿರಿ. ಮಾವನ ಕೆಮ್ಮು ಕೇಳಿದ ಅಳಿಯ ಏಳಬೇಕು, ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗಬೇಕು. ನಾನು ಲೋಟ ಕೆಳಗಿಟ್ಟು ತಿರುಗುವಷ್ಟರಲ್ಲಿ ಅವರು ಎದ್ದಿದ್ದರು. ಬಿದ್ದ ಸದ್ದು ನಿಮಗೆ ಕೇಳಿಸಿತು, ಅಲ್ಲವೇ? ಪರದೆಯ ಕೆಳಗೆ ನಿಮ್ಮ ಚಪ್ಪಲಿ ಕಾಣುತ್ತಿತ್ತು, ಬಹಳ ಹೊತ್ತು. ಆಮೇಲೆ ಬಟ್ಟಲು ಮಾತ್ರ ಇತ್ತು. ಮಾರನೆಯ ದಿನ ಡಾಕ್ಟರು ಚಳಿಗಾಲದ ಮಾತು ಎತ್ತಲಿಲ್ಲ. ಊರುಗೋಲು ಬಿಟ್ಟು ನಡೆದರೆ ಅದೇ ಹೆಚ್ಚು ಎಂದರು. ನೀವು ಅಷ್ಟರಲ್ಲಿ ಕೋಚ್ ಕೆಲಸ ಬಿಟ್ಟು ಒಂಟೆಗಳ ಹತ್ತಿರ ಹೋಗಿಯಾಗಿತ್ತು.

ಹೊಸ ಕೋಚ್ ಬಂದಿದ್ದಾರೆ, ನಯವಾದ ಮನುಷ್ಯ. ಕೂಗಾಟ ಸಭ್ಯರಿಗೆ ತಕ್ಕದ್ದಲ್ಲ ಎನ್ನುತ್ತಾರಂತೆ. ಹೋದ ವಾರ ಆರು ಗೋಲು ತಿಂದೆವು. ರೇಡಿಯೊದಲ್ಲಿ ನಮ್ಮ ಹುಡುಗರ ದನಿಯೇ ಇಲ್ಲ, ಬರೀ ಗಾಳಿಯ ಸದ್ದು. ಸೋತದ್ದಕ್ಕಿಂತ ಅದನ್ನು ಕೇಳಲಾಗದೆ ನಮ್ಮ ಮನೆಯವರೇ ಕೈ ಚಾಚಿ ರೇಡಿಯೊ ಆರಿಸಿದರು. ಆಮೇಲೆ ಗೋಡೆಯ ಕಡೆ ತಿರುಗಿ, "ನಾನು ಅವರಿಗೆ ಸುಳ್ಳು ಹೇಳ್ದೆ" ಎಂದರು. ಅಷ್ಟೇ. ನಾನು ಎಡಗಡೆ ಕೂತು ಎಷ್ಟು ಮಂಗಾಟ ಮಾಡಿದರೂ ಆ ಗುಳಿ ಬೀಳುವುದಿಲ್ಲ. ನೀವಲ್ಲಿ, ನನ್ನ ಕೆಮ್ಮು ಅವನ ಕಾಲು ತೆಗೆಯಿತು ಎಂದು ಕೂತಿದ್ದೀರಿ. ಅವರಿಲ್ಲಿ, ನನ್ನ ಸುಳ್ಳು ಅವರ ತಂಡ ತೆಗೆಯಿತು ಎಂದು ಮಲಗಿದ್ದಾರೆ. ನಡುವೆ ನಿಲ್ಲಲು ಈಗ ಯೆರೊನೂ ಇಲ್ಲ, ತಂಡದ ಕ್ಯಾಂಪಿಗೆ ಹೋಗಿದ್ದಾನೆ.

ಅತಾರ್‌ಗೆ ಹೋಗುವ ಪಿಕಪ್‌ನವನ ಕೈಯಲ್ಲಿ ಈ ಕಾಗದ, ಚಹಾಪುಡಿ, ಸಕ್ಕರೆ, ಗಂಟಲಿಗೆ ಜೇನು ಕಳಿಸುತ್ತಿದ್ದೇನೆ. ದೈಜಾ ಅತ್ತೆ ಸಲಾಮು ಹೇಳಿದ್ದಾಳೆ. ಯೆರೊ ಹೋಗುವ ಮೊದಲು, "ಮುದುಕರಿಗೆ ಹೇಳು, ದಲ್ಲಾಳಿ ಕೆಲಸಕ್ಕೆ ನನಗಿನ್ನೂ ಒಂದು ಕುರಿಮರಿ ಬರಬೇಕು" ಎಂದ. ದೇವರು ನಿಮ್ಮ ಬಾವಿ ಬತ್ತಿಸದಿರಲಿ, ನಿಮ್ಮ ನೆರಳು ನಮ್ಮ ಮೇಲೆ ಉದ್ದವಾಗಿರಲಿ.

ನಿಮ್ಮ ನಾಚಿಕೆಗೆಟ್ಟ ಮಗಳು,
ಸಲ್ಕಾ

ಮರೆತ ಮಾತು: ಪಿಕಪ್‌ನವನು ಹಾರ್ನ್ ಹೊಡೆಯುತ್ತಿದ್ದಾನೆ, ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನೆ ಸಂಜೆ ಅವರು ನನಗೆ ತಲಾಕ್ ಕೊಡುತ್ತೇನೆ ಎಂದರು. ನನ್ನ ಮೇಲೆ ಕೋಪವಿಲ್ಲ. "ಸಂಬಂಧ ಹೋದ್ರೆ ಸಂಕೋಚಾನೂ ಹೋಗುತ್ತೆ. ಆಗ ಅವರೆದುರು ಕೂತು ಬಾಯಿ ಬಿಟ್ಟು ನಿಜ ಹೇಳ್ತೀನಿ. ನಿಂಗೆ ಇನ್ನೊಬ್ಬ ಗಂಡ ಸಿಗ್ತಾನೆ, ನಂಗೆ ಇನ್ನೊಬ್ಬ ಅಂಥ ಕೋಚ್ ಸಿಗಲ್ಲ" ಎಂದರು. ಶುಕ್ರವಾರದ ನಮಾಜಿನ ನಂತರ ಸಾಕ್ಷಿಗಳು ಬರುತ್ತಾರೆ. ಅತ್ತೆ ಈಗಲೇ, ಬಿಟ್ಟುಬಂದ ಹುಡುಗಿಗೆ ಬೆಲೆ ಜಾಸ್ತಿ, ತಲಾಕ್ ಆದವರಿಗೆಲ್ಲ ಮಾಡುವಂತೆ ನಗಾರಿ ಬಡಿಸಿ ಹಬ್ಬ ಮಾಡೋಣ ಎನ್ನುತ್ತಿದ್ದಾಳೆ. ನನಗೆ ನಗಾರಿ ಬೇಡ ಅಪ್ಪಾ. ಅದಕ್ಕೆ ಮುಂಚೆ ಬನ್ನಿ. ಬಾಗಿಲಲ್ಲಿ ಕೆಮ್ಮಬೇಡಿ. ಪರದೆ ಸರಿಸಿ ನೇರ ಒಳಗೆ ಬಂದು, ಮೈದಾನದಲ್ಲಿ ಕೂಗುತ್ತಿದ್ದ ಹಾಗೆ ಕೂಗಿ. ಅಳಿಯ ಎಂಬುದು ನೆನಪಾಗುವ ಮೊದಲು ಅವರ ಮೈ ನಿಮ್ಮ ಮಾತು ಕೇಳುತ್ತದೆ. ಮೊದಲು ಹೆಸರು, ಆಮೇಲೆ ಮಾತು, ನೀವೇ ಕಲಿಸಿದ್ದು. ನಿಮ್ಮೆದುರು ನಾನು ಇದುವರೆಗೆ ಆ ಹೆಸರು ಎತ್ತಿಲ್ಲ, ಮದುವೆಯಾದ ಮೇಲೆ ನೀವೂ ಎತ್ತಿಲ್ಲ. ಈಗ ನಾನು ಮೊದಲು ಹೇಳುತ್ತೇನೆ, ನೀವು ನನ್ನ ಹಿಂದೆ ಹೇಳಿ. ಇಸೆಲ್ಮೂ, ಜಾಗ ಬಿಡಬೇಡ.