ಅಕ್ಕನ ಹೆಸರಿನಲ್ಲಿ ಹೋದ ಬಿಲ್ಡ್

ಬೆಳಗಾವಿ,
೧೯ ನವೆಂಬರ್ ೨೦೨೫, ಬುಧವಾರ

ಚಿರಂಜೀವಿ ಸುಜಯನಿಗೆ,

ಜಯ ಜಿನೇಂದ್ರ. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ ಎಂದು ಬರೆಯಲು ಹೊರಟು ಅಲ್ಲೇ ನಿಂತೆ. ನನ್ನ ಮಗಳು, ನಿನ್ನ ಸೋದರ ಸೊಸೆ ನಿಖಿತಾ ಆರಾಮ ಇದ್ದಾಳೆ, ಮನೆ ಆರಾಮ ಇದೆ. ನಾನು ಇಲ್ಲ. ಬರೆಯಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಇವತ್ತು ಫೋನ್ ಎತ್ತುತ್ತೀ, ನಾಳೆ ಎತ್ತುತ್ತೀ ಎಂದು ಕಾದೆ. ಮೆಸೇಜು ಓದುತ್ತೀ, ಉತ್ತರ ಕೊಡುವುದಿಲ್ಲ. ಇನ್ನೇನು ಮಾಡಲಿ, ಕಾಗದ ಪೆನ್ನು ಹಿಡಿದು ಕೂತಿದ್ದೇನೆ. ಅಕ್ಷರ ನೋಡಿ ನಗಬೇಡ, ಕೀಬೋರ್ಡ್ ಕುಟ್ಟಿ ಕುಟ್ಟಿ ಕೈ ಹೀಗಾಗಿದೆ.

ಮೊನ್ನೆ ಶರ್ವರಿ ಫೋನ್ ಮಾಡಿದ್ದಳು. “ಅಕ್ಕಾರ, ಇವ್ರು ಯಾಕೋ ಸುಮ್ಮ ಆಗ್ಯಾರ್ರೀ. ನನ್ನ ಮ್ಯಾಲೇನರ ಸಿಟ್ಟೈತೇನ್ರಿ?” ಎಂದು ಕೇಳಿದಳು. ನಿನ್ನ ಜೊತೆ ಮಾತುಕತೆಯಾಗಿ ಇನ್ನೂ ಲಗ್ನವಾಗದ ಹುಡುಗಿಗೆ ಏನು ಹೇಳಲಿ? ಜ್ವರ ಬಂದಿದೆಯಂತೆ ಎಂದೆ. ಖಾನಾಪುರದ ಮನೆಯಲ್ಲಿ ಕೂತು ನೀನು ಆಫೀಸಿಗೆ ಹೇಳಿದ ಸುಳ್ಳನ್ನೇ ನಾನೂ ಹೇಳಿದೆ.

ಈಗ ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಯಾಕೆಂದರೆ ನಿನಗೆ ಎಷ್ಟು ಗೊತ್ತು ಎನ್ನುವುದೇ ನನಗೆ ಗೊತ್ತಿಲ್ಲ. ಆಸ್ಪತ್ರೆಯ ಆ ದೊಡ್ಡ ತಂತ್ರಾಂಶವನ್ನು ನಾವಿಬ್ಬರೂ ಕೂತು ತುಂಡು ತುಂಡು ಮಾಡಿದೆವು. ಹೆಸರು ಬರೆಸಲು ಒಂದು, ಔಷಧಿಗೆ ಒಂದು, ಅಲರ್ಜಿಯ ಎಚ್ಚರಿಕೆಗೆ ಒಂದು, ಹೀಗೆ ಪ್ರತಿ ತುಂಡಿಗೂ ಅದರದೇ ಕಂಟೇನರ್. ಊಟದ ಡಬ್ಬಿಯ ಹಾಗೆ, ಒಂದರ ಸಾರು ಇನ್ನೊಂದಕ್ಕೆ ತಾಗಬಾರದು ಎಂದು ನಿನಗೆ ಹೇಳಿಕೊಟ್ಟಿದ್ದೆ. ಆಮೇಲೆ ಪೈಪ್‌ಲೈನ್ ಕಟ್ಟಿದೆ. ಯಾರೇ ಕೋಡ್ ಬದಲಿಸಲಿ, ಯಂತ್ರವೇ ಅದನ್ನು ಜೋಡಿಸಿ ಬಿಲ್ಡ್ ಮಾಡಿ, ಪರೀಕ್ಷೆಗಳನ್ನು ಓಡಿಸಿ, ಎಲ್ಲ ಸರಿಯಿದ್ದರೆ ಮಾತ್ರ ಆಸ್ಪತ್ರೆಯ ಸರ್ವರಿಗೆ ಕಳಿಸಿ ಹಸಿರು ತೋರಿಸಬೇಕು. ಒಂದು ಪರೀಕ್ಷೆ ತಪ್ಪಿದರೂ ಕೆಂಪು ಬಿದ್ದು ಅಲ್ಲಿಗೇ ನಿಲ್ಲಬೇಕು. ತೀರಾ ತುರ್ತಿಗೆಂದು ಪರೀಕ್ಷೆಗಳನ್ನು ಬಿಟ್ಟು ಕಳಿಸುವ ಒಂದು ದಾರಿಯನ್ನೂ ಇಟ್ಟಿದ್ದೆ.

ಎಲ್ಲರಿಗೂ ಬೇರೆ ಬೇರೆ ಲಾಗಿನ್ ಕೊಡೋಣ ಎಂದಾಗ ನಮ್ಮ ಮಾಲೀಕ ಬಸವಪ್ರಸಾದ ಅವರು, “ಎಲ್ಲಾ ನಿಮ್ಮ ಹೆಸರಿನ್ಯಾಗ ಇರ್ಲಿ ಬಿಡ್ರಿ ಮೇಡಂ. ಇರೂದ ನಾಕ ಮಂದಿ, ಯಾರನ್ನ ಕಾಯೂದೈತಿ?” ಎಂದರು. ನಾನೂ ಹೂಂ ಎಂದೆ. ಹಾಗಾಗಿ ಮಚ್ಛೆಯ ನಮ್ಮ ಆಫೀಸಿನಿಂದ ಯಾರು ಏನೇ ಕಳಿಸಿದರೂ ಸುಹಾಸಿನಿ ಕಳಿಸಿದಳು ಎಂದೇ ತೋರಿಸುತ್ತದೆ.

ಆ ಗುರುವಾರ ನಾನು ಕ್ಯಾಂಪ್ ಬಡಾವಣೆಯಲ್ಲಿ ನಿಖಿತಾಳ ಶಾಲೆಯ ಪಾಲಕರ ಸಭೆಗೆ ಹೋಗಿದ್ದೆ. ಅಲರ್ಜಿಯ ತುಂಡಿನ ಬದಲಾವಣೆಯನ್ನು ನೀನು ಅಂದೇ ಕಳಿಸಬೇಕಿತ್ತು. ಶರ್ವರಿಯ ಮನೆಯವರು ಮಾತುಕತೆಗೆ ಖಾನಾಪುರಕ್ಕೆ ಬಂದಿದ್ದರು. ಜೈನ ನೇಮದಂತೆ ಅವರಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ತಾಟಿಗೆ ಕೈ ಹಾಕುವುದಿಲ್ಲ, ನಮ್ಮ ಅವ್ವನೂ ಹಾಗೇ. ವರನಿಲ್ಲದೆ ಪಂಕ್ತಿ ಕೂರುವಂತಿಲ್ಲ. ಅವ್ವ ನಿನಗೆ ಮೇಲಿಂದ ಮೇಲೆ ಫೋನ್ ಮಾಡಿ, “ಹೊತ್ತ ಮುಳುಗೂದ್ರಾಗ ಬಾ. ಬೀಗರು ಹಸದ ಎದ್ದ ಹ್ವಾದ್ರ ನಾ ಮಾರಿ ಎಲ್ಲಿ ಇಡ್ಲಿ?” ಎನ್ನುತ್ತಿದ್ದಳಂತೆ. ನೀನು ನನಗೆ ಫೋನ್ ಮಾಡಿ, “ಅಕ್ಕಾ, ಹಸರ ಬಂದೈತಿ. ಕಳಸೇನಿ, ನಾ ಹೊಂಟೆ” ಎಂದೆ. ನಾನು, “ಬೀಗರ ಮುಂದ ಎರಡ ಹೋಳಿಗಿ ಕಡಿಮಿ ತಿನ್ನು” ಎಂದು ನಗಾಡಿದೆ. ಪರೀಕ್ಷೆ ಬಿಟ್ಟು ಕಳಿಸಿದರೂ ಕೊನೆಗೆ ಹಸಿರೇ ಬರುತ್ತದೆ ಎನ್ನುವುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮರುದಿನ ಸಾವಂತ್ರವ್ವ ಎನ್ನುವವಳು ಜ್ವರವೆಂದು ಆ ಆಸ್ಪತ್ರೆಗೆ ಬಂದಳು. ಅವಳಿಗೆ ಒಂದು ಇಂಜೆಕ್ಷನ್ ಆಗಿಬರುವುದಿಲ್ಲ. ಪರದೆಯ ಮೇಲೆ ಬರಬೇಕಾದ ಎಚ್ಚರಿಕೆ ಬರಲಿಲ್ಲ. ಸೂಜಿ ಚುಚ್ಚಿದರು, ಉಸಿರು ಕಟ್ಟಿತು, ಐಸಿಯುಗೆ ಒಯ್ದರು. ನಾನು ಆಮೇಲೆ ತೆಗೆದು ನೋಡಿದರೆ, ಗುರುವಾರ ಕೆಂಪು ಬಿದ್ದಿದ್ದ ಪರೀಕ್ಷೆ ಅದೇ ಎಚ್ಚರಿಕೆಯದು. ತುರ್ತಿನ ಆ ದಾರಿಯಿಂದ ಅದನ್ನು ದಾಟಿಸಿ ಕಳಿಸಿದ್ದೀ.

ಸಾವಂತ್ರವ್ವ ಉಳಿದಿದ್ದಾಳೆ, ಹೋಗಿ ನೋಡಿ ಬಂದೆ. ಗಂಟಲಿಗೆ ನಳಿಕೆ ಹಾಕಿದ್ದರಿಂದ ದನಿ ಇನ್ನೂ ಒಡೆದಿದೆ. “ಆ ಸೂಜಿ ನಂಗ ಆಗೂದಿಲ್ಲಂತ ಬಡಕೊಂಡೆ ಯವ್ವಾ. ಕಂಪ್ಯೂಟರಿನ್ಯಾಗ ಹಂಗೇನ ಇಲ್ಲಬೇ ಅಂದ್ರು” ಎಂದಳು. ಯಾರವ್ವಾ ನೀನು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಯ್ದ ಬಾಳೆಹಣ್ಣು ಅಲ್ಲಿಟ್ಟು ಎದ್ದು ಬಂದುಬಿಟ್ಟೆ. ನಾಚಿಕೆಯಾಯಿತು, ಸುಜಯ. ನಮ್ಮ ಕೆಲಸದಿಂದ ಒಬ್ಬರ ಉಸಿರು ನಿಲ್ಲಬಹುದು ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ಸೋಮವಾರ ಆಸ್ಪತ್ರೆಯವರು ಆಫೀಸಿಗೆ ಬರುತ್ತಾರೆ. ಯಾರು ಕಳಿಸಿದ್ದು ಎಂದು ಅವರಿಗೆ ಹೆಸರು ಬೇಕು. ಬಸವಪ್ರಸಾದ ಅವರು ನನ್ನನ್ನು ಕರೆದು, “ನೀವ ಅವತ್ತ ಕ್ಯಾಂಪಿನ್ಯಾಗ ಇದ್ರಿ, ನನಗ ಗೊತ್ತೈತ್ರಿ. ನಿಮ್ಮ ಲಾಗಿನ್ ಹಿಡದ ಯಾರ ಕಳಸ್ಯಾರ ಅನ್ನೂದ ನೀವ ಹೇಳಬೇಕ್ರಿ. ಹೇಳ್ಲಿಲ್ಲಂದ್ರ ನಿಮ್ಮ ಹೆಸರ ಹೋಗತೈತಿ” ಎಂದರು. ಗದರಿಸಲಿಲ್ಲ. ಗದರಿಸಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ನನ್ನ ಹೆಸರು ಹೋದರೆ ಈ ಊರಿನಲ್ಲಿ ಮತ್ತೆ ಯಾರೂ ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಪೊಲೀಸರ ತನಕ ಹೋದರೂ ಹೋದೀತು.

ನಿನ್ನ ಹೆಸರು ನಾನಿನ್ನೂ ಹೇಳಿಲ್ಲ. ಅವಸರದಲ್ಲಿ ಏನು ಒತ್ತಿದೆ ಎನ್ನುವುದು ನಿನಗೇ ತಿಳಿದಿರಲಿಕ್ಕಿಲ್ಲ, ಈಗ ಅರೆಬರೆ ಸುದ್ದಿ ಕೇಳಿ ಹೆದರಿ ಕೂತಿರಬೇಕು ಎಂದು ನಾನೇ ನಿನ್ನ ವಕೀಲಳಾಗಿ ವಾದಿಸಿಕೊಳ್ಳುತ್ತಿದ್ದೇನೆ. ಬಂದುಬಿಡು. ನನ್ನ ಬಾಜು ಕೂತು ನೀನೇ ಹೇಳು. ಆ ದಾರಿ ಇಟ್ಟವಳು ನಾನು, ಒಂದೇ ಹೆಸರಿಗೆ ಒಪ್ಪಿದವಳೂ ನಾನು. ಅದನ್ನು ನಾನು ಹೇಳುತ್ತೇನೆ. ಬೈಸಿಕೊಳ್ಳುವುದಾದರೆ ಇಬ್ಬರೂ ಬೈಸಿಕೊಳ್ಳೋಣ. ಶರ್ವರಿಗೂ ನೀನೇ ತಿಳಿಸು, ಬೇರೆಯವರ ಬಾಯಿಂದ ಕೇಳುವುದು ಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಒಳ್ಳೆಯವನಾಗಿ ಬಾಳಬೇಕು, ಅಷ್ಟೇ ನನ್ನ ಹಾರೈಕೆ.

ನಿನ್ನ ಅಕ್ಕ,
ಸುಹಾಸಿನಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವನ ಫೋನ್ ಬಂತು. ನಿಖಿತಾ ಹೇಗಿದ್ದಾಳೆ, ಥಂಡಿ ಹೇಗಿದೆ ಎಂದೆಲ್ಲ ಕೇಳಿ, ಆಮೇಲೆ ದನಿ ತಗ್ಗಿಸಿ, “ನಿಂದ ಲಗ್ನ ಆಗಿ ಸಂಸಾರ ನಿಂತೈತಿ. ನೌಕರಿ ಹ್ವಾದ್ರ ನಿಂಗೇನ ಕಡಿಮಿ ಆಗತೈತಿ? ಅವಂದು ಈಗ ಕೂಡಿ ಬಂದೈತಿ. ಆ ಪರೀಕ್ಷಾ ಬಿಟ್ಟ ಕಳಿಸಿದಾಕಿ ನಾನ ಅಂತ ಹೇಳಿಬಿಡವ್ವಾ” ಎಂದಳು. ಈ ಸಂಗತಿಯನ್ನು ನಾನು ಖಾನಾಪುರದಲ್ಲಿ ಯಾರಿಗೂ ಹೇಳಿಲ್ಲ. ಪರೀಕ್ಷೆ ಬಿಟ್ಟು ಕಳಿಸುವುದು ಎಂಬ ಮಾತು ಅವ್ವನ ಬಾಯಿಗೆ ತಾನಾಗಿ ಬರುವಂಥದ್ದಲ್ಲ. ಅಂದರೆ ನೀನೇ ಅವಳಿಗೆ ಹೇಳಿದ್ದೀ, ಏನು ಒತ್ತಿದೆ ಎನ್ನುವುದು ನಿನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಫೋನ್ ಎತ್ತಲು ಇಲ್ಲದ ಧೈರ್ಯ, ಅವ್ವನನ್ನು ಮುಂದೆ ಮಾಡಲು ಬಂತು. ಅಕ್ಕಾ ನನ್ನ ಉಳಿಸು ಎಂದು ಒಂದೇ ಒಂದು ಮಾತು ನೀನೇ ಕೇಳಿದ್ದರೆ, ತಪ್ಪೋ ಸರಿಯೋ, ಹೂಂ ಎಂದುಬಿಡುತ್ತಿದ್ದೆನೋ ಏನೋ. ನೀನು ಕೇಳಲಿಲ್ಲ. ಸೋಮವಾರ ನೀನು ಬಂದರೂ ಬಾರದಿದ್ದರೂ ನಾನು ನಿನ್ನ ಹೆಸರು ಹೇಳುತ್ತೇನೆ.